ಹುಣಸೆ ಮರದ ಕೆಳಗಿನ ನೂರು ಹೆಜ್ಜೆ

ಆ ಸಂಜೆ ನೀರು ಹೊಡೆಸಿದ್ದು ಯಾರು ಎಂಬುದು ನನಗೆ ಖಚಿತವಾಗಿ ನೆನಪಿಲ್ಲ. ಹೀಗೆ ಬರೆದ ಕೂಡಲೇ ಇದೂ ಪೂರ್ತಿ ನಿಜವಲ್ಲ ಅನಿಸುತ್ತದೆ. ನೆನಪಿಲ್ಲ ಅನ್ನುವುದಕ್ಕಿಂತ ಎರಡು ನೆನಪುಗಳಿವೆ ಅನ್ನಬೇಕು. ಒಂದರಲ್ಲಿ ನಾನು ಗಂಗಾವತಿಯ ಹೊರಗೆ ಸಡಕಿನ ನಡುವೆ ನಿಂತು, ಧೂಳು ಭಾಳ ಹಾರುತ್ತಿದೆ, ಒಂದು ಸುತ್ತು ನೀರು ಹೊಡೆಸು ಎಂದು ಮುಕಾದಮನಿಗೆ ಹೇಳುತ್ತಿದ್ದೇನೆ. ಇನ್ನೊಂದರಲ್ಲಿ ಮುಕಾದಮನೇ ನೀರಿನ ಬಂಡಿಗಳನ್ನು ಕೈಬೀಸಿ ಕರೆಯುತ್ತಿದ್ದಾನೆ, ನಾನು ದೂರದಲ್ಲಿ ಯಾರೊಂದಿಗೋ ಮಾತಾಡುತ್ತ ಬೆನ್ನು ತಿರುಗಿಸಿದ್ದೇನೆ. ಎರಡೂ ಒಂದೇ ಸಂಜೆಯವು. ಎರಡರಲ್ಲೂ ಬಿಸಿಲು ಒಂದೇ ಕಡೆಯಿಂದ ಬೀಳುತ್ತದೆ. ವಿಶ್ವವಿದ್ಯಾಲಯದಲ್ಲಿ ನನಗೆ ಬೇರೆಯವರ ಮಾತನ್ನು ಅನುಮಾನಿಸುವುದನ್ನು ಚೆನ್ನಾಗಿ ಕಲಿಸಿದ್ದರು. ನನ್ನ ತಲೆಯೊಳಗಿನದನ್ನು ಅನುಮಾನಿಸಬೇಕಾದೀತು ಎಂದು ಯಾರೂ ಹೇಳಿರಲಿಲ್ಲ.

ಆದ್ದರಿಂದ ಮುಕಾದಮನ ಬಗ್ಗೆ ಇಲ್ಲಿ ಬರೆಯುವುದನ್ನು ಓದುವವರು ಸ್ವಲ್ಪ ತಡೆದು ನಂಬಬೇಕು.

ಆತನಿಗೆ ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ದಿನವೂ ಬೆಳಗ್ಗೆ ಆ ಹೆಸರನ್ನು ಓದುತ್ತಿದ್ದವನು ನಾನೇ. ಆದರೆ ಸಡಕಿನ ಮೇಲೆ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹನ್ನೆರಡು ಜನರ ಗ್ಯಾಂಗಿಗೆ ಆತ ಮುಖ್ಯಸ್ಥ, ಹಾಗಾಗಿ ಮುಕಾದಮ. ನನ್ನ ತಂದೆಗಿಂತ ಹಿರಿಯ. ಆದರೂ ನಾನು ನೀನು ಎಂದೇ ಕರೆಯುತ್ತಿದ್ದೆ, ಆಗ ಓವರ್‌ಸಿಯರರು ಹಾಗೆಯೇ ಕರೆಯುತ್ತಿದ್ದರು. ಈಗ ಬರೆಯುವಾಗ ಕೈ ‘ಅವರು’ ಎಂದು ಬರೆಯಹೋಗುತ್ತದೆ. ತಡವಾಗಿ ಕೊಟ್ಟ ಮರ್ಯಾದೆ ಸುಳ್ಳಿನಂತೆ ಕಾಣುತ್ತದೆ ಎಂದು ಹೊಡೆದು ಹಾಕುತ್ತೇನೆ.

ಸಣ್ಣ ದೇಹ, ಎಣ್ಣೆ ಕಾಣದ ತಲೆಯ ಮೇಲೆ ಸುತ್ತಿ ಸುತ್ತಿ ಮಣ್ಣಿನ ಬಣ್ಣಕ್ಕೆ ಬಂದ ರುಮಾಲು. ಕಾಲಿಗೆ ಏನೂ ಹಾಕುತ್ತಿರಲಿಲ್ಲ. ಸಡಕು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಆತ ಅಂಗಾಲಿನಿಂದ ನೋಡುತ್ತಿದ್ದ. ನಾನು ಅಳತೆಯ ಹಲಗೆ ಇಟ್ಟು ಬಗ್ಗಿ ನೋಡುತ್ತಿರುವಾಗ ಆತ ಸುಮ್ಮನೆ ಉದ್ದಕ್ಕೂ ನಡೆದು ಹೋಗಿ, ಒಂದು ಕಡೆ ನಿಂತು, ಹಿಮ್ಮಡಿಯಿಂದ ಒತ್ತಿ, ಇಲ್ಲಿ ಅಂದುಬಿಡುತ್ತಿದ್ದ. ಇನ್ನೊಂದು ಪರೀಕ್ಷೆಯೂ ಇತ್ತು. ಮಧ್ಯಾಹ್ನ ಊಟವಾದ ಮೇಲೆ, ಅಂದರೆ ಎರಡು ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ ಮುಗಿದ ಮೇಲೆ, ತಂಬಿಗೆಯಲ್ಲಿ ಉಳಿದ ನೀರನ್ನು ಸಡಕಿನ ನಡುಬೆನ್ನಿನ ಮೇಲೆ ಸುರಿಯುತ್ತಿದ್ದ. ನೀರು ಎಡಕ್ಕೂ ಬಲಕ್ಕೂ ಸಮನಾಗಿ ಹರಿದರೆ ಮುಖ ಒರೆಸಿಕೊಂಡು ಎದ್ದು ಹೋಗುವನು. ಒಂದೇ ಕಡೆ ಹರಿದರೆ ಆ ದಿನ ಗ್ಯಾಂಗಿನವರಿಗೆ ಮಧ್ಯಾಹ್ನದ ವಿಶ್ರಾಂತಿ ಇಲ್ಲ.

ಗಾಡಿಯವರೊಂದಿಗೆ ಆತನ ಜಗಳ ಮುಗಿಯುತ್ತಿರಲಿಲ್ಲ. ಎತ್ತಿನ ಗಾಡಿಗಳು ಮುಂದಿನ ಗಾಡಿಯ ಜಾಡಿನಲ್ಲೇ ಹೋಗುತ್ತವೆ. ಕಬ್ಬಿಣದ ಪಟ್ಟಿಯ ಗಾಲಿ ಒಂದೇ ಗೆರೆಯಲ್ಲಿ ನೂರು ಸಲ ಉರುಳಿದರೆ ಯಾವ ಸಡಕೂ ಉಳಿಯುವುದಿಲ್ಲ. ಅದಕ್ಕೆ ಆತ ದಾರಿಯ ಮೇಲೆ ಅಲ್ಲೊಂದು ಇಲ್ಲೊಂದು ತಲೆಗಾತ್ರದ ಕಲ್ಲು ಇಡುತ್ತಿದ್ದ, ಗಾಡಿಗಳು ಅದನ್ನು ತಪ್ಪಿಸಿಕೊಂಡು ಬೇರೆ ಬೇರೆ ಜಾಗದಲ್ಲಿ ಹೋಗಲಿ ಎಂದು. ದಿನಕ್ಕೆ ಎರಡು ಸಲ ಆ ಕಲ್ಲುಗಳನ್ನು ತಾನೇ ಎತ್ತಿ ಬೇರೆ ಕಡೆ ಇಡುವನು. ಗಾಡಿಯವರು ಇಳಿದು ಬಂದು ಬೈಯುವರು. ಆತ ತಿರುಗಿ ಬೈಯುತ್ತಿರಲಿಲ್ಲ, ಎತ್ತುಗಳನ್ನು ಮಾತಾಡಿಸುತ್ತಿದ್ದ. “ನಿಮ್ಮ ಯಜಮಾನಗ ನಿದ್ದಿ ಬಂದೇತೇನೋ, ನೀವರ ಸ್ವಲ್ಪ ಸರದ ಹೋಗ್ರಿ” ಅನ್ನುವನು. ಎತ್ತುಗಳಿಗೂ ‘ರೀ’ ಹಚ್ಚಿ ಮಾತಾಡಿದ್ದನ್ನು ಕೇಳಿ ಗಾಡಿಯವನು ನಾಚಿ ಸರಿದು ಹೋಗುತ್ತಿದ್ದ.

ಇಷ್ಟೆಲ್ಲ ಇದ್ದರೂ ಆತನ ನಿಜವಾದ ವಿದ್ಯೆ ನೀರಿನದು. ಆಗಿನ ನಮ್ಮ ಸಡಕುಗಳು ಕಲ್ಲು, ಗರಸು, ನೀರು ಈ ಮೂರರಿಂದಲೇ ಆಗುತ್ತಿದ್ದವು. ಒಡೆದ ಖಡಿಕಲ್ಲು ಹರಡಿ, ಎತ್ತು ಎಳೆಯುವ ಕಲ್ಲಿನ ರೋಲರ್ ಹೊಡೆಸಿ, ಮೇಲೆ ಗರಸು ಅಂದರೆ ಸಣ್ಣ ಹರಳಿನ ಕೆಂಪು ಮಣ್ಣು ಚೆಲ್ಲಿ, ನೀರು ಹೊಡೆದು, ಮತ್ತೆ ರೋಲರ್. ನೀರು ಕಡಿಮೆಯಾದರೆ ಕಲ್ಲು ಕೂಡುವುದಿಲ್ಲ, ಹೆಚ್ಚಾದರೆ ಕೆಳಗಿನ ಮಣ್ಣು ಮೆತ್ತಗಾಗಿ ಕಲ್ಲು ಹೂತುಹೋಗುತ್ತದೆ. ಎಷ್ಟು ಬೇಕು ಎಂಬುದು ನಾನು ಓದಿದ ಪುಸ್ತಕದಲ್ಲಿ ಇರಲಿಲ್ಲ. ಆತನಿಗೆ ಗೊತ್ತಿತ್ತು. “ಸಡಕ್ ಕುಡೀಬೇಕ್ರಿ. ಸಾಕಾತಂದ್ರ ತಾನ ಹೇಳತೈತಿ” ಅನ್ನುತ್ತಿದ್ದ. ಹೇಗೆ ಹೇಳುತ್ತದೆ ಎಂದು ಕೇಳಿದೆ. ಆತ ಒಂದು ಕಲ್ಲನ್ನು ಕಿತ್ತು, ಅದರ ತಳವನ್ನು ತನ್ನ ಕೆನ್ನೆಗೆ ಒತ್ತಿ ಹಿಡಿದ. ತಣ್ಣಗಿದ್ದರೆ ಕುಡಿದಿದೆ ಎಂದು ಅರ್ಥವಂತೆ. ಇದಕ್ಕೆ ಸಬೂತು ಏನು ಎಂದೆ.

ಸಬೂತು ಎಂಬುದು ಆ ದಿನಗಳಲ್ಲಿ ನನ್ನ ಬಾಯಲ್ಲಿ ಸದಾ ಇದ್ದ ಮಾತು. ಹೈದರಾಬಾದಿನಿಂದ ಪದವಿ ತೆಗೆದುಕೊಂಡು ಬಂದವನು, ಯಾರು ಏನು ಹೇಳಿದರೂ ಪುರಾವೆ ಕೇಳುವುದು ವಿದ್ಯಾವಂತನ ಲಕ್ಷಣ ಎಂದು ತಿಳಿದಿದ್ದೆ. ಗ್ಯಾಂಗಿನಲ್ಲಿ ಕಸಬರಿಗೆ ಹಿಡಿದು ಧೂಳು ಗುಡಿಸುತ್ತಿದ್ದ ನೀಲವ್ವ ಎಂಬ ಹೆಂಗಸು ನನಗೆ ಸಬೂತ್ ಸಾಹೇಬ ಎಂದು ಹೆಸರಿಟ್ಟಿದ್ದಳು. ನಾನು ಸೈಕಲ್ ಇಳಿಯುವುದು ಕಂಡರೆ ಆಕೆ ಪಕ್ಕದವರಿಗೆ, “ಹೊತ್ತು ಹುಟ್ಟೇತಿ ಅನ್ನಾಕ ಸಬೂತು ತಗದಿಡ್ರಿ, ಸಾಹೇಬ್ರು ಬಂದ್ರು” ಎಂದು ನನಗೂ ಕೇಳುವಷ್ಟು ಜೋರಾಗಿಯೇ ಹೇಳುತ್ತಿದ್ದಳು. ಮುಕಾದಮ ನಗುತ್ತಿರಲಿಲ್ಲ. ರುಮಾಲಿನ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ಅದು ನಗುವೇ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಎರಡನೇ ಮಹಾಯುದ್ಧ ಶುರುವಾಗಿದ್ದ ಕಾಲ, ನಮ್ಮದು ನಿಜಾಮರ ಸೀಮೆ. ಅಂಥದರಲ್ಲಿ ನಮಗೆ ಡಾಂಬರು ಬಂತು. ಮೇಲಿನ ಅಧಿಕಾರಿಯೊಬ್ಬರು ದೌರೆಯ ಮೇಲೆ, ಅಂದರೆ ತಪಾಸಣೆಯ ಪ್ರವಾಸಕ್ಕೆ, ಬರುವವರಿದ್ದರು, ಅವರ ಮೋಟಾರು ಊರು ಸೇರುವಾಗ ಧೂಳು ಏಳಬಾರದು. ಅದಕ್ಕೆ ಗಂಗಾವತಿಯಿಂದ ಹೇಮಗುಡ್ಡದ ಕಡೆ ಹೋಗುವ ಸಡಕಿನ ಮೊದಲ ಒಂದು ಮೈಲಿಗೆ ಡಾಂಬರು ಹಾಕಬೇಕೆಂದು ಹುಕುಂ. ಕೊಪ್ಪಳ ಸ್ಟೇಶನ್ನಿನಲ್ಲಿ ಇಳಿದ ಪೀಪಾಯಿಗಳು ಗಾಡಿಗಳ ಮೇಲೆ ಬಂದವು. ಗ್ಯಾಂಗಿನವರು ಯಾರೂ ಡಾಂಬರಿನ ಕೆಲಸ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ, ಓದಿದ್ದೆ.

ಮೊದಲ ಪೀಪಾಯಿ ಕಾಸಿದಾಗ ಮುಕಾದಮ ಕೋಲಿನ ತುದಿಗೆ ಸ್ವಲ್ಪ ಹಚ್ಚಿಕೊಂಡು ಮೂಸಿದ. ಒಂದು ಒಣಗಿದ ಕಲ್ಲಿಗೆ ಒರೆಸಿ ನೋಡಿದ, ಒಂದು ಒದ್ದೆ ಕಲ್ಲಿಗೆ ಒರೆಸಿ ನೋಡಿದ. ಆಮೇಲೆ ನನ್ನ ಬಳಿ ಬಂದು, ಇದು ಎಣ್ಣೆಯ ಜಾತಿಯದು ಎಂದ. ಹಂಚಿನ ಮೇಲೆ ನೀರಿದ್ದರೆ ಎಣ್ಣೆ ಹತ್ತುವುದಿಲ್ಲ, ಬೇಕಾದರೆ ಮನೆಯಲ್ಲಿ ಕೇಳಿ ನೋಡ್ರಿ ಎಂದ. ನನಗೆ ಮದುವೆಯಾಗಿರಲಿಲ್ಲ. ಹಾಗಾಗಿ ಆ ಮಾತು ನೆನಪಿದೆ.

ಇಲ್ಲಿಂದ ಮುಂದೆ ನೆನಪು ಇಬ್ಭಾಗವಾಗುತ್ತದೆ.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಖಡಿ ಹಾಕಿ, ರೋಲರ್ ಹೊಡೆದು, ಒಂದು ವಾರ ಒಣಗಲು ಬಿಡಬೇಕಿತ್ತು. ನಾಲ್ಕನೇ ದಿನ ಸುದ್ದಿ ಬಂತು: ದೌರೆ ಮುಂಚೆಯೇ ಆಗುತ್ತದೆ, ಕೆಲಸ ನಾಳೆಯೇ ಶುರುವಾಗಬೇಕು, ಮೂರು ದಿನದಲ್ಲಿ ಮುಗಿಯಬೇಕು. ಹೊಳೆಯ ದಂಡೆಯ ಹಳ್ಳಿಗಳಿಂದ ಭತ್ತದ ಗಾಡಿಗಳು ಸಾಲುಗಟ್ಟಿ ಪಕ್ಕದ ಕಚ್ಚಾ ದಾರಿಯಲ್ಲಿ ಹೋಗುತ್ತಿದ್ದವು, ಅವುಗಳ ಧೂಳೆಲ್ಲ ನಮ್ಮ ಕಲ್ಲಿನ ಮೇಲೆ. ಗುಡಿಸಿದಷ್ಟೂ ಮತ್ತೆ ಬೀಳುತ್ತಿತ್ತು. ಧೂಳಿನ ಮೇಲೆ ಡಾಂಬರು ಕೂರುವುದಿಲ್ಲ ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ಸಂಜೆ ನೀರು ಹೊಡೆದರೆ ಧೂಳು ಕೂಡುತ್ತದೆ, ಬೆಳಗ್ಗೆ ಬಿಸಿಲಿಗೆ ಒಣಗುತ್ತದೆ ಎಂದು ಯಾರೋ ಅಂದುಕೊಂಡರು. ಆ ಯಾರೋ ಎಂಬುವನು ಯಾರು ಎಂಬುದೇ ಪ್ರಶ್ನೆ. ನಾಲ್ಕು ಬಂಡಿ ನೀರು ಹೊಡೆದದ್ದು ಮಾತ್ರ ನಿಜ.

ಬೆಳಗ್ಗೆ ಕಲ್ಲು ನೋಡಲು ಒಣಗಿದ್ದವು. ಮುಕಾದಮ ಒಂದನ್ನು ಕಿತ್ತು ಕೆನ್ನೆಗೆ ಹಿಡಿದುಕೊಂಡ. “ಮ್ಯಾಲ ಒಣಗ್ಯಾವ್ರಿ. ಕೆಳಗ ಇನ್ನಾ ಹಸಿ ಅದಾವ. ಇನ್ನ ಮೂರು ದಿನ ಬಿಸಲು ಕಾಯ್ಲಿ” ಎಂದ. ನಾನು ನಕ್ಕೆ. ಮೂವತ್ತು ವರ್ಷ ಸಡಕಿಗೆ ನೀರು ಕುಡಿಸಿದವನು ಈಗ ನೀರು ಬ್ಯಾಡ ಅನ್ನುತ್ತಾನಲ್ಲ ಎಂದೆ. ಕೆನ್ನೆಗೆ ತಣ್ಣಗಾಗುವುದು ಚಳಿಗಾಲದಲ್ಲಿ ಸಬೂತು ಅಲ್ಲ ಎಂದೆ. ಈ ಮಾತು ಆಡಿದ್ದು ಆ ಬೆಳಗ್ಗೆಯೋ ಅಥವಾ ಮುಂಚಿನ ಸಂಜೆಯೋ ಎಂಬುದು ಹೇಳಲಾರೆ. ಆಡಿದ್ದು ನಾನು. ಅದರಲ್ಲಿ ಅನುಮಾನವಿಲ್ಲ.

ಆ ಮೂರು ದಿನ ಎಲ್ಲವನ್ನೂ ಅವಸರದಲ್ಲಿ ಮಾಡಿದೆವು. ಡಾಂಬರು ಬೇಗ ಕರಗಲೆಂದು ಉರಿ ಹೆಚ್ಚು ಮಾಡಿಸಿದೆ, ಪೀಪಾಯಿಯಿಂದ ಹಳದಿ ಹೊಗೆ ಏಳುವವರೆಗೆ ಕಾಯಿತು. ಅಷ್ಟು ಕಾದರೆ ಡಾಂಬರಿನ ಜಿಗುಟು ಸುಟ್ಟುಹೋಗಿ ಅದು ಗಾಜಿನಂತಾಗುತ್ತದೆ ಎಂದು ಆಮೇಲೆ ತಿಳಿಯಿತು.

ಮೂರನೆಯ ದಿನ ಕೊನೆಯ ತುಂಡು ಉಳಿದಿತ್ತು. ಅಲ್ಲಿ ಸಡಕಿನ ಮೇಲೆ ದೊಡ್ಡದೊಂದು ಹುಣಸೆ ಮರ ಬಾಗಿತ್ತು. ನೂರು ಹೆಜ್ಜೆಯಷ್ಟು ಜಾಗಕ್ಕೆ ದಿನವಿಡೀ ನೆರಳು. ಬಿಸಿಲೇ ಬೀಳದ ಜಾಗ. ನಾನು ಊರ ಕಡೆಯ ತುದಿಯಲ್ಲಿದ್ದೆ. ಮಧ್ಯಾಹ್ನ ಮರದ ಕಡೆಯಿಂದ ಹೊಗೆ ಎದ್ದಿದ್ದು ಕಂಡು ಸೈಕಲ್ ಹತ್ತಿ ಓಡಿದೆ. ಡಾಂಬರು ಕಾಸಲು ತಂದಿಟ್ಟ ಹತ್ತಿ ಕಟ್ಟಿಗೆಯನ್ನು ಮುಕಾದಮ ಸಡಕಿನ ಉದ್ದಕ್ಕೂ ಹಾಸಿ ಬೆಂಕಿ ಇಟ್ಟಿದ್ದ. ಕಲ್ಲುಗಳು ಚಟಚಟ ಅನ್ನುತ್ತಿದ್ದವು. ನನಗೆ ಸಿಟ್ಟು ಬಂತು. ಕಟ್ಟಿಗೆ ಹಾಳು, ಮೇಲಾಗಿ ಬೂದಿ. ಎಲ್ಲರ ಮುಂದೆ ಬೈದೆ. ಆತ ಗೋಣಿ ಚೀಲ ಹಿಡಿದು, ಮೊಣಕಾಲೂರಿ, ಬೂದಿಯನ್ನೆಲ್ಲ ತಾನೇ ಬಡಿದು ಬಡಿದು ಹಾರಿಸಿದ. ಕಲ್ಲು ಇನ್ನೂ ಬಿಸಿ ಇರುವಾಗಲೇ ಡಾಂಬರು ಹೊಯ್ಯಿಸಿದ. ಆ ತುಂಡಿನ ಡಾಂಬರನ್ನು ತಾನೇ ನಿಂತು ಸಣ್ಣ ಉರಿಯಲ್ಲಿ ಕಾಸಿಸಿದನೆಂದೂ ನನಗೆ ನೆನಪು. ಆದರೆ ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಮೋಟಾರು ಬಂತು, ಧೂಳು ಏಳಲಿಲ್ಲ, ಅಧಿಕಾರಿಗಳು ಸಂತೋಷಪಟ್ಟರು ಎಂದು ಹೇಳಿದರು. ಮರುದಿನವೇ ಭತ್ತದ ಗಾಡಿಗಳನ್ನು ಹೊಸ ಸಡಕಿನ ಮೇಲೆ ಬಿಟ್ಟರು. ಒಂದು ವಾರ ತಡೆಯಿರಿ ಎಂದು ಮುಕಾದಮ ಕಲ್ಲುಗಳನ್ನು ಅಡ್ಡ ಇಟ್ಟಿದ್ದ. ತೆಗೆಸಿದ್ದು ನಾನು. ಇದೂ ಖಚಿತ.

ಮೂರು ವಾರಕ್ಕೆ ಡಾಂಬರು ಎದ್ದಿತು. ಒಂದೊಂದು ಕಡೆ ರೊಟ್ಟಿ ಹಂಚಿನಿಂದ ಎದ್ದ ಹಾಗೆ ಅಂಗೈ ಅಗಲದ ಚಕ್ಕೆಗಳು. ಎತ್ತಿ ನೋಡಿದರೆ ತಳದಲ್ಲಿ ಒಂದು ಕಲ್ಲೂ ಅಂಟಿರಲಿಲ್ಲ, ಬರೀ ತೇವದ ಮಣ್ಣಿನ ಪದರ. ಹೊಸ ಡಾಂಬರು ಹಾಳಾಗುವುದು ಮೇಲಿನಿಂದ ಅಲ್ಲ, ಅಡಿಯಿಂದ. ನೀರು ಮೇಲೆ ಬಿದ್ದರೆ ಹರಿದು ಹೋಗುತ್ತದೆ. ಅಡಿಯಲ್ಲಿ ಸಿಕ್ಕಿಬಿದ್ದರೆ ಹೋಗಲು ದಾರಿಯಿಲ್ಲ, ಪ್ರತಿ ಗಾಲಿಯೂ ಅದನ್ನು ಒತ್ತುತ್ತದೆ, ಅದು ಡಾಂಬರನ್ನು ಕಲ್ಲಿನಿಂದ ಬಿಡಿಸುತ್ತದೆ. ಇವತ್ತು ಇಷ್ಟು ಸಲೀಸಾಗಿ ಬರೆಯುತ್ತೇನೆ. ಅವತ್ತು ನನ್ನ ಕೈಯಲ್ಲಿ ಆ ಚಕ್ಕೆ ಇದ್ದಾಗ ಯೋಚಿಸಿದ್ದು ನನ್ನ ನೌಕರಿಯ ಬಗ್ಗೆ ಮಾತ್ರ. ನಾನಿನ್ನೂ ಖಾಯಂ ಆಗಿರಲಿಲ್ಲ.

ವಿಚಾರಣೆಗೆ ದೊಡ್ಡ ಸಾಹೇಬರು ಬಂದರು. ಗ್ಯಾಂಗನ್ನು ಸಡಕಿನ ಪಕ್ಕ ಸಾಲಾಗಿ ನಿಲ್ಲಿಸಿದರು. ಕಲ್ಲಿಗೆ ನೀರು ಹೊಡೆಸಿದವರು ಯಾರು ಎಂದು ಕೇಳಿದರು. ನಾನು ಅವರ ಪಕ್ಕದಲ್ಲಿ, ಕಾಗದ ಹಿಡಿದುಕೊಂಡು ನಿಂತಿದ್ದೆ. ನೀಲವ್ವ ಕಸಬರಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಬಾಯಿ ತೆರೆದಳು. ಮುಕಾದಮ ಆಕೆಯ ಕಡೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ.

“ನೀರಿನ ಬಂಡಿ ನನ್ನ ತಾಬೇದಾಗ ಇದ್ದುವ್ರಿ” ಎಂದ.

ದೊಡ್ಡ ಸಾಹೇಬರಿಗೆ ಅಷ್ಟು ಸಾಕಾಯಿತು. ಹಳೆಯ ನೀರಿನ ಸಡಕಿನವರು, ಇವರಿಗೆ ಡಾಂಬರು ಏನು ತಿಳಿಯಬೇಕು ಎಂದು ನನಗೆ ಉರ್ದುವಿನಲ್ಲಿ ಹೇಳಿದರು. ನಾನು ತಲೆಯಾಡಿಸಿದೆ. ಬರೆದ ವರದಿಯಲ್ಲಿ, ಮುಕಾದಮನು ತನ್ನ ಹಳೆಯ ರೂಢಿಯಂತೆ ಕಲ್ಲಿಗೆ ನೀರು ಹೊಡೆಸಿದ್ದೇ ಕಾರಣ ಎಂದಿತ್ತು. ಅಕ್ಷರ ನನ್ನದು. ಮಾತು ಯಾರದು ಎಂಬುದನ್ನು ನಾನು ಆಗಲೇ ಮರೆಯತೊಡಗಿದ್ದೆ. ಇಲ್ಲದಿದ್ದರೆ ಬರೆಯಲು ಆಗುತ್ತಿರಲಿಲ್ಲ.

ಆತನ ಮುಕಾದಮಿ ಹೋಯಿತು. ಗ್ಯಾಂಗು ಒಡೆದು ಬೇರೆ ಬೇರೆ ಕಡೆ ಹಾಕಿದರು. ನಾನು ಖಾಯಂ ಆದೆ.

ಅದರ ಬೆನ್ನಿಗೇ ನನಗೆ ಯಲಬುರ್ಗಿಗೆ ಬದಲಿಯಾಯಿತು. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಆತ ಕಂಡ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಗರಸು. ತನ್ನ ಮಗನ ವಯಸ್ಸಿನ ಒಬ್ಬ ಮುಕಾದಮ ತೋರಿಸಿದ ಗುಂಡಿಗೆ ಸುರಿಯುತ್ತಿದ್ದ. ಸುರಿದ ಮೇಲೆ ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದ, ಅದನ್ನು ಬಿಟ್ಟಿರಲಿಲ್ಲ. ನಾನು ಗಾಡಿ ನಿಲ್ಲಿಸಿ ಇಳಿದೆ. ಆತ ಸಿಕ್ಕರೆ ಏನು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅದನ್ನು ಬಿಟ್ಟು, ಅವತ್ತು ನೀರು ಹೊಡೆಸು ಎಂದವನು ನಾನೋ ನೀನೋ ಎಂದು ಕೇಳಿಬಿಟ್ಟೆ. ನಿಜವಾಗಿಯೂ ತಿಳಿಯಬೇಕಿತ್ತು ನನಗೆ. ಅದೂ ನನ್ನದೊಂದು ರೋಗ.

ಆತ ಬುಟ್ಟಿಯನ್ನು ಕೆಳಗಿಟ್ಟು, ರುಮಾಲು ಬಿಚ್ಚಿ ಕುತ್ತಿಗೆ ಒರೆಸಿಕೊಂಡ.

“ನೀವ ಬರದದ್ದು ಐತಲ್ರಿ ಕಾಗದದಾಗ. ಅದಕ್ಕಿಂತ ದೊಡ್ಡ ಸಬೂತು ನನ್ನ ಹತ್ರ ಏನೈತಿ?”

ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ದಣಿದು ಹೇಳಿದ. ಮಧ್ಯಾಹ್ನದ ಹೊತ್ತು, ಬುಟ್ಟಿ ಹೊತ್ತು ಹೊತ್ತು ಆತನ ಕುತ್ತಿಗೆ ಒಂದು ಕಡೆ ವಾಲಿತ್ತು. ನಾನು ತಿರುಗಿ ಹೊರಟಾಗ ಹಿಂದಿನಿಂದ ಕರೆದ.

“ಸಾಹೇಬ್ರ, ಆ ಹುಣಸಿ ಗಿಡದ ಬುಡಕಿನ ತುಂಡು ಹೆಂಗೈತ್ರಿ?”

ಬದಲಿಯಾದ ಮೇಲೆ ಆ ಕಡೆ ಹೋಗಿಲ್ಲ ಎಂದೆ.

“ಒಮ್ಮಿ ನೋಡ್ರಿ” ಎಂದು ಬುಟ್ಟಿ ಎತ್ತಿಕೊಂಡ.

ನೋಡಲಿಲ್ಲ. ಹೋಗಬಹುದಿತ್ತು, ಒಂದು ದಿನದ ದಾರಿ. ಒಂದು ವರ್ಷ ಕೆಲಸ, ಇನ್ನೊಂದು ವರ್ಷ ಜ್ವರ, ಆಮೇಲೆ ಯಾವುದೂ ಇಲ್ಲ, ಸುಮ್ಮನೆ ಹೋಗಲಿಲ್ಲ. ಆ ಕೆಲಸ ಬಿಟ್ಟು ಇನ್ನೊಂದು ಹಿಡಿದೆ, ಅದನ್ನೂ ಬಿಟ್ಟೆ. ನಿಜಾಮರ ಆಡಳಿತ ಹೋಯಿತು. ಕುಕನೂರಿನ ಸಂತೆಯಲ್ಲಿ ಒಮ್ಮೆ ನೀಲವ್ವ ಸಿಕ್ಕಳು, ಉಳ್ಳಾಗಡ್ಡಿ ಆರಿಸುತ್ತಿದ್ದಳು. ಮುಕಾದಮ ಹೋಗಿ ಒಂದು ವರ್ಷವಾಯಿತೆಂದು ಆಕೆಯಿಂದ ತಿಳಿಯಿತು. ಕುಷ್ಟಗಿಯ ಸಡಕಿನ ಮೇಲೆಯೇ, ಊಟಕ್ಕೆ ಕೂತವನು ಏಳಲಿಲ್ಲವಂತೆ. ತಂಬಿಗೆಯ ನೀರು ಸುರಿದದ್ದು ಒಂದೇ ಕಡೆ ಹರಿದಿತ್ತೋ ಎರಡೂ ಕಡೆ ಹರಿದಿತ್ತೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಬೆಂಕಿಯ ವಿಷಯ ಕೇಳಿದೆ. ಹುಣಸೆ ಮರದ ಕೆಳಗೆ ಆತ ಕಲ್ಲಿನ ಮೇಲೆ ಹತ್ತಿ ಕಟ್ಟಿಗೆ ಸುಟ್ಟದ್ದು ನಿನಗೆ ನೆನಪಿದೆಯೇ ಎಂದೆ.

“ಯಾವ ಬೆಂಕಿರಿ?” ಎಂದಳು ನೀಲವ್ವ. “ಡಾಂಬರ ಕಾಸೂ ಬೆಂಕಿ ಇತ್ತು. ಕಲ್ಲಿನ ಮ್ಯಾಲ ಯಾರ ಬೆಂಕಿ ಹಚ್ತಾರ?” ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಸಬೂತ್ ಸಾಹೇಬ್ರಿಗೂ ವಯಸ್ಸಾತು” ಎಂದು ಉಳ್ಳಾಗಡ್ಡಿಯ ಕಡೆ ತಿರುಗಿದಳು. ನೀರಿನ ಮಾತನ್ನು ನಾನು ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ.

ಅಂದಿನಿಂದ ಅದೊಂದು ಹೊಸ ಕಾಟ. ಬೆಂಕಿಯನ್ನೂ ನಾನೇ ಕಟ್ಟಿಕೊಂಡಿದ್ದರೆ? ತಪ್ಪು ಹೊತ್ತುಕೊಂಡವನಿಗೆ ಬದಲಾಗಿ ಏನಾದರೂ ಕೊಡಬೇಕೆಂದು, ನನ್ನ ಮನಸ್ಸೇ ಆತನ ಕೈಗೆ ಆ ಹತ್ತಿ ಕಟ್ಟಿಗೆ ಕೊಟ್ಟಿದ್ದರೆ? ನೀರಿನ ಗುಣ ಬಲ್ಲ ಒಬ್ಬ ಜಾಣನನ್ನು ನಾನು ಸಾಯಿಸಿದೆ ಎಂದು ಕೊರಗುವುದರಲ್ಲೂ ಒಂದು ಸುಖವಿದೆ. ಆತ ನಿಜವಾಗಿಯೂ ಏನೂ ತಿಳಿಯದೆ ರೂಢಿಯಂತೆ ನೀರು ಹೊಡೆಸಿದ್ದರೆ ನನ್ನ ವರದಿ ಸರಿ, ನಾನು ಸುಮ್ಮನೆ ಇಷ್ಟು ವರ್ಷ ಬೇಯುತ್ತಿದ್ದೇನೆ. ಹಸಿ ಕಲ್ಲಿಗೆ ಡಾಂಬರು ಹತ್ತುವುದಿಲ್ಲ ಎಂದು ತಿಳಿದವನು ಮಾತ್ರ ಕಲ್ಲಿನ ಮೇಲೆ ಬೆಂಕಿ ಇಡುತ್ತಾನೆ. ಅಂಥವನು ಆ ಸಂಜೆ ತಾನಾಗಿ ನೀರು ಹೊಡೆಸಿರಲಾರ. ಎಲ್ಲವೂ ಆ ಬೆಂಕಿಯ ಮೇಲೆ ನಿಂತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಆ ಸಡಕನ್ನು ಅಗಲ ಮಾಡುತ್ತಿದ್ದಾರೆಂದು ಕೇಳಿ ಗಂಗಾವತಿಗೆ ಹೋದೆ. ಊರ ಕಡೆಯಿಂದ ನಡೆದೆ. ಎಲ್ಲೂ ಡಾಂಬರಿನ ಗುರುತಿರಲಿಲ್ಲ, ಎಂದೋ ಕಿತ್ತು ಗರಸು ಹಾಕಿದ್ದರು. ಮರ ಇತ್ತು. ಮರದ ಕೆಳಗೆ ಸಡಕು ಕಪ್ಪಗಿತ್ತು. ಕೆಲಸದವರು ಅಲ್ಲಿಗೆ ಬಂದು ನಿಂತಿದ್ದರು. ಗುದ್ದಲಿ ಪುಟಿಯುತ್ತದೆ, ಈ ತುಂಡು ಯಾವ ಮಾರಾಯ ಹಾಕಿದನೋ ಎಂದು ಒಬ್ಬ ಬೈಯುತ್ತಿದ್ದ. ಹೆಜ್ಜೆ ಹಾಕಿ ಎಣಿಸಿದೆ, ತೊಂಬತ್ತನಾಲ್ಕು. ನೂರು ಎಂಬುದು ನನ್ನ ನೆನಪಿನ ಹೆಚ್ಚುವರಿ.

ಅವರಿಗೆ ಹೇಳಿ ಅಗೆಸಿದೆ. ಎದ್ದು ಬಂದ ಚಕ್ಕೆಯ ತಳದಲ್ಲಿ ಕಲ್ಲುಗಳು ಅಂಟಿಕೊಂಡೇ ಬಂದವು. ಅವುಗಳ ಸಂದಿಯಲ್ಲಿ, ಡಾಂಬರು ಇಳಿಯದಷ್ಟು ಆಳದಲ್ಲಿ, ಕಿರುಬೆರಳಿನ ಅರ್ಧದಷ್ಟು ಉದ್ದದ ಇದ್ದಿಲ ಚೂರು ಸಿಕ್ಕಿತು. ಒಂದು ಬದಿಯಲ್ಲಿ ಕಟ್ಟಿಗೆಯ ತೊಗಟೆಯ ಗೆರೆಗಳು ಹಾಗೆಯೇ ಇದ್ದವು. ಒಂದು ಚೂರು ಎಲ್ಲಿಂದಲಾದರೂ ಬಂದಿರಬಹುದು ಎಂದುಕೊಂಡು, ನೆರಳಿನ ಆಚೆ ಎರಡು ಕಡೆ ಅಗೆಸಿದೆ. ಅಲ್ಲಿ ಇದ್ದಿಲು ಇರಲಿಲ್ಲ. ಮತ್ತೆ ಮರದ ಕೆಳಗೆ ಬಂದು ಇನ್ನೂ ಎರಡು ಕಡೆ ಅಗೆಸಿದೆ. ಎರಡೂ ಕಡೆ ಇತ್ತು.